ಎಡಗೈ ಗಂಟು

ಮಾರ್ಚ್ ೩

ಪುಟ್ಟಿಗೆ, ಮತ್ತು ಪುಟ್ಟಿಗಿಂತ ಮೊದಲು ಇದನ್ನು ಓದುವ ಕತ್ತರಿ ಸಾಹೇಬರಿಗೆ,

ಸಾಹೇಬರೇ, ಮೊದಲು ನಿಮ್ಮನ್ನು ಮಾತಾಡಿಸಿ ಮುಗಿಸುತ್ತೇನೆ. ಈ ಲಕೋಟೆಗೆ ಗೋಂದು ಹಚ್ಚಿದ್ದಲ್ಲದೆ ಅದರ ಬಾಯನ್ನು ನೀಲಿ ದಾರದಲ್ಲಿ ಹೊಲಿದಿದ್ದೆ. ನೀವು ಅದನ್ನು ಕತ್ತರಿಸಿದ್ದೀರಿ, ಇಲ್ಲದಿದ್ದರೆ ಈ ಸಾಲು ನಿಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಓದಿದ ಮೇಲೆ ದಯವಿಟ್ಟು ನೆಟ್ಟಗೆ ಹೊಲಿದು ಕಳಿಸಿ. ಹೋದ ಸಲ ನೀವು ಹೊಲಿದದ್ದನ್ನು ನೋಡಿದವರು ನಾನು ಕುಡಿದು ಹೊಲಿದೆನೆಂದುಕೊಂಡಾರು. ನಿಮ್ಮ ಕಡತಕ್ಕೆ ಬೇಕಾದ ವಿವರ: ಬರೆದವಳು ಬಂದರು ರಸ್ತೆಯಲ್ಲಿ ಕೋಟು ಹೊಲಿಯುವ ದರ್ಜಿ. ಗಂಡ ನಿಮ್ಮ ಸರ್ಕಾರದ ಸೆರೆಮನೆಯಲ್ಲೇ ತೀರಿಕೊಂಡವರು. ಮಗಳು ಶಾಲೆಯ ಕೆಲಸ ಬಿಟ್ಟು ರಾಜಧಾನಿಯಲ್ಲಿ ಸಂವಿಧಾನ ಸಭೆಯ ಸದಸ್ಯೆಯಾಗಿ ಕೂತಿದ್ದಾಳೆ. ನಿಮ್ಮ ದೊರೆಗಳು ಗಂಟುಮೂಟೆ ಕಟ್ಟುತ್ತಿರುವ ಈ ಹೊತ್ತಿನಲ್ಲೂ ನೀವು ಕೆಲಸ ಬಿಟ್ಟಿಲ್ಲ. ಮೆಚ್ಚಬೇಕಾದ್ದೇ.

ಈಗ ನಿನ್ನ ಸರದಿ ಪುಟ್ಟಿ. ನೀನು ಸಭೆಗೆ ಹೋದಾಗಿನಿಂದ ರಸ್ತೆಯವರೆಲ್ಲ ಅಂಗಡಿಗೆ ಬಂದು ತಮಗೆ ಬೇಕಾದ ಕಾನೂನು ಹೇಳಿ ಹೋಗುತ್ತಿದ್ದಾರೆ. ಚಪ್ಪಲಿ ರಿಪೇರಿಯವನು, "ಪೊಲೀಸ್ನೋರು ಪುಕ್ಕಟೆ ಬೂಟು ಹೊಲಿಸ್ಕೋಬಾರದು ಅಂತ ಬರೀಲಿ" ಎಂದ. ಮೂಲೆಮನೆ ಅಜ್ಜಿಗೆ ಅಳಿಯಂದಿರನ್ನು ಒಳಗೆ ಹಾಕುವ ಕಾನೂನು ಬೇಕಂತೆ. "ಎಲ್ಲ ಅಳಿಯಂದಿರನ್ನೂ ಬೇಡಮ್ಮ, ನನ್ನ ಅಳಿಯನೊಬ್ಬನ್ನ ಹಾಕಿದ್ರೆ ಸಾಕು" ಎಂದರು. ಆಗಲಿ, ಹೇಳುತ್ತೇನೆ ಎಂದೆ.

ನನಗೂ ಒಂದು ಸಾಲು ಬೇಕು. ನಾನು ತಮಾಷೆ ಮಾಡುತ್ತಿಲ್ಲ. ಒಬ್ಬರ ಕಾಗದವನ್ನು ಇನ್ನೊಬ್ಬರು ಒಡೆಯಬಾರದು, ಅಷ್ಟೆ. ನೀವು ಬರೆಯುವ ದೊಡ್ಡ ಪುಸ್ತಕದಲ್ಲಿ ಏನು ಬೇಕಾದರೂ ಇರಲಿ, ಆ ಸಾಲಿಲ್ಲದಿದ್ದರೆ ಆ ಪುಸ್ತಕವನ್ನು ಮನೆಗೆ ತರಬೇಡ.

ಹೊಲಿಗೆಯಂತೆ ಮಾತನ್ನೂ ಬಿಗಿಯಾಗಿಟ್ಟುಕೊಂಡ,
ಅಮ್ಮ


ಮಾರ್ಚ್ ೨೧

ಅಮ್ಮ,

ಇದನ್ನು ನಿನ್ನ ಹತ್ತಿರ ಕೋಟು ಹೊಲಿಸುವ ವಕೀಲರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರೂ ಸಭೆಯ ಸದಸ್ಯರು, ಊರಿಗೂ ಇಲ್ಲಿಗೂ ಓಡಾಡುತ್ತಲೇ ಇರುತ್ತಾರೆ. ಅಂಚೆಗೆ ಹೋಗದ ಕಾಗದವಾದ್ದರಿಂದ ನಮ್ಮ ಗುಟ್ಟನ್ನು ಧೈರ್ಯವಾಗಿ ಬರೆಯಬಹುದು. ನಿನ್ನ ಕಾಗದ ಬಂತು. ಹೊಲಿಗೆ ಈ ಸಲ ನೆಟ್ಟಗಿತ್ತು, ಸಾಹೇಬರು ಸುಧಾರಿಸಿದ್ದಾರೆ. ಆದರೆ ಗಂಟು ಬಲಕ್ಕೆ ತಿರುಗಿತ್ತು. ನೀನು ಎಡಗೈಯವಳೆಂದು ಅವರಿಗೆ ಇನ್ನೂ ಹೊಳೆದಿಲ್ಲ. ನೀನು ಹಾಕಿದ ಗಂಟಿನಲ್ಲಿ ದಾರ ಎಡಕ್ಕೆ ಸುತ್ತಿಕೊಂಡಿರುತ್ತದೆ, ಬಲಗೈಯವರು ಹಾಕಿದರೆ ಬಲಕ್ಕೆ. ಅವರು ಎಷ್ಟು ಚೆಂದ ಹೊಲಿದರೂ ಅವರ ಕೈ ಅವರನ್ನು ಹಿಡಿದುಕೊಡುತ್ತದೆ.

ನಿನ್ನ ಸಾಲಿನ ವಿಷಯ. ನಾನಿರುವ ಹಕ್ಕುಗಳ ಉಪಸಮಿತಿ ಮಹಡಿಯ ಮೇಲಿನ ಒಂದು ಉದ್ದನೆಯ ಕೋಣೆಯಲ್ಲಿ ಸೇರುತ್ತದೆ. ಗೋಡೆಯ ಮೇಲೆ ಇನ್ನೂ ಆ ದೊರೆಯ ಚಿತ್ರವಿದೆ. ಅವನ ಮೂಗಿನ ಕೆಳಗೆ ಕೂತು ಅವನನ್ನು ಕಳಿಸಿದ ಮೇಲೆ ಹೇಗೆ ಬದುಕಬೇಕೆಂದು ಬರೆಯುತ್ತಿದ್ದೇವೆ. ನಾನು ಎದ್ದು, "ನ್ಯಾಯಾಧೀಶರ ಲಿಖಿತ ಆಜ್ಞೆಯಿಲ್ಲದೆ ಯಾರ ಪತ್ರವನ್ನೂ ಯಾರೂ ತೆರೆಯತಕ್ಕದ್ದಲ್ಲ" ಎಂಬ ಸಾಲು ಓದಿದೆ. ಒಬ್ಬ ಹಿರಿಯರು ಕನ್ನಡಕ ಮೇಲೇರಿಸಿ, "ಏನಮ್ಮಾ, ಓಟು, ಭೂಮಿ, ಕೂಲಿ ಅಂತ ನೂರೆಂಟು ತಲೆನೋವಿರುವಾಗ ಲಕೋಟೆ ಮಾತು ಯಾಕೆ?" ಎಂದರು.

ನನಗೆ ಆ ಕೋರ್ಟು ನೆನಪಾಯಿತು. ನಾನು ಚಿಕ್ಕವಳು, ನಿನ್ನ ಪಕ್ಕ ಬೆಂಚಿನ ಮೇಲೆ ಕಾಲು ನೇತುಬಿಟ್ಟು ಕೂತಿದ್ದೆ. ವಿಚಾರಣೆಗೆ ಮೊದಲೇ ಸೆರೆಯಲ್ಲಿದ್ದ ಅಪ್ಪನಿಗೆ ನೀನು ಬರೆದ ಕಾಗದವನ್ನು ಸರ್ಕಾರಿ ವಕೀಲ ಎತ್ತಿ ಹಿಡಿದು ಓದಿದ. ಅವನಿಗೆ ಬೇಕಾಗಿದ್ದದ್ದು "ತಮ್ಮ ಬಂದು ಹೋದ" ಎಂಬ ಮಾತೊಂದೇ, ತಲೆಮರೆಸಿಕೊಂಡಿದ್ದ ಮಾವನನ್ನು ಹಿಡಿಯುವುದಕ್ಕೆ. ಆದರೆ ಅವನು ಅಲ್ಲಿಗೆ ನಿಲ್ಲಿಸಲಿಲ್ಲ. "ನಿಮ್ಮ ಗೊರಕೆ ಕೇಳದೆ ನನಗೆ ನಿದ್ದೆ ಬರುವುದಿಲ್ಲ, ಬೇಗ ಬನ್ನಿ" ಎಂಬುದನ್ನೂ ಓದಿದ. ಜನ ನಕ್ಕರೆಂದು ಇನ್ನೊಮ್ಮೆ ಓದಿದ. ಆಮೇಲೆ ಎಷ್ಟೋ ದಿನ ನೀನು ರಸ್ತೆಗಿಳಿದರೆ ಪಡ್ಡೆ ಹುಡುಗರು ಗೊರಕೆ ಹೊಡೆಯುತ್ತಿದ್ದರು. ನೀನು ಕಾಗದಗಳನ್ನು ಹೊಲಿಯತೊಡಗಿದ್ದು ಆಗಿನಿಂದ.

ಇದ್ಯಾವುದನ್ನೂ ಅಲ್ಲಿ ಹೇಳಲಿಲ್ಲ. "ಬೇಕು" ಎಂದಷ್ಟೇ ಹೇಳಿ ಕೂತೆ. ಸಮಿತಿಯಲ್ಲಿ ನನ್ನ ಎದುರಿಗೆ ಕೂರುವ ಮಾವ ಮೇಜು ಗುದ್ದಿದರು. "ಪುಟ್ಟಿ ಹೇಳಿದ್ದು ಸರಿ. ನನ್ನನ್ನ ಹಿಡಿದದ್ದೇ ಕಾಗದ ಒಡೆದು. ಈ ಸಾಲು ಇರಲೇಬೇಕು" ಎಂದರು. ಮಾವನ ಮಾತೆಂದರೆ ಇಲ್ಲಿ ಯಾರೂ ಉಸಿರೆತ್ತುವುದಿಲ್ಲ. ನಿನ್ನ ಸಾಲು ಕರಡಿಗೆ ಸೇರಿತು ಅಮ್ಮ.

ನನ್ನ ಕೋಣೆಯಲ್ಲಿರುವ ಡಾಕ್ಟರಮ್ಮ, ಅವರೂ ಸದಸ್ಯೆಯೇ, ಕಿವಿಗೆ ಹತ್ತಿ ತುರುಕಿಕೊಂಡು ಮಲಗುತ್ತಾರೆ. ಅಪ್ಪನ ಆಸ್ತಿಯೆಂದು ಬಂದದ್ದು ನನಗೆ ಆ ಗೊರಕೆಯೊಂದೇ ನೋಡು.

ಗೆದ್ದ ಖುಷಿಯಲ್ಲಿ,
ಪುಟ್ಟಿ


ಜೂನ್ ೧೨

ಪುಟ್ಟಿ,

ಬಾವುಟ ಬದಲಾಯಿತು. ಬಂದರು ಕಚೇರಿಯ ಕಂಬದಲ್ಲಿ ಅವರದ್ದು ಸರಾಗವಾಗಿ ಕೆಳಗಿಳಿಯಿತು, ನಮ್ಮದು ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತು. ಜನವೆಲ್ಲ ಉಸಿರು ಬಿಗಿಹಿಡಿದು ನಿಂತರು. ಕೊನೆಗೆ ಹಡಗಿನ ಕೂಲಿಯೊಬ್ಬ ಕಂಬ ಹತ್ತಿ ಹಗ್ಗ ಬಿಡಿಸಿದ. ಆಗ ಎದ್ದ ಕೂಗು ನಿನಗೂ ಕೇಳಿಸಿರಬೇಕು. ಚಪ್ಪಲಿ ರಿಪೇರಿಯವನು ಮಗುವಿನ ಹಾಗೆ ಅತ್ತ. ನಾನು ಅಳಲಿಲ್ಲ. ನಿನ್ನಪ್ಪನ ಹಳೇ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಹೋಗಿದ್ದೆ, ಅವರೂ ನೋಡಲಿ ಎಂದು. ಮನೆಗೆ ಬಂದು ಆ ಕೋಟನ್ನು ಮೊಳೆಗೆ ನೇತುಹಾಕುವಾಗ ಮಾತ್ರ ತಡೆಯಲಾಗಲಿಲ್ಲ.

ನಿನ್ನ ಮಾವ ಗೃಹಮಂತ್ರಿಯಾದನಂತೆ. ತನ್ನ ಬೂಟು ಎಲ್ಲಿದೆ ಎಂದು ಮನೆಯವರನ್ನು ಕೇಳದೆ ಹೊರಗೆ ಹೊರಟವನಲ್ಲ, ಅವನು ಗೃಹಮಂತ್ರಿ! ರಸ್ತೆಯವರು ನನ್ನನ್ನು ಈಗ "ಮಂತ್ರಿಗಳ ಅಕ್ಕ" ಎನ್ನುತ್ತಿದ್ದಾರೆ. ಬೇಡ ಬೇಡ ಎನ್ನುತ್ತಲೇ ಕೇಳಿಸಿಕೊಳ್ಳುತ್ತೇನೆ.

ರೂಢಿ ಬಿಡದೆ ಇದನ್ನೂ ಹೊಲಿದಿದ್ದೇನೆ. ಇದೇ ಕೊನೆ. ಕತ್ತರಿ ಸಾಹೇಬರು ತಮ್ಮ ದೊರೆಗಳ ಜೊತೆ ಹಡಗು ಹತ್ತಿರಬೇಕು. ಹೋದಲ್ಲಿ ಯಾರದ್ದಾದರೂ ಹರಿದ ಬಟ್ಟೆ ಹೊಲಿದು ಬದುಕಿಕೊಳ್ಳಲಿ, ಕೈ ಕುದುರಿದೆ.

ಇವತ್ತು ಅಂಗಡಿ ತೆರೆಯದ,
ಅಮ್ಮ


ಜೂನ್ ೨೫

ಅಮ್ಮ,

ವಕೀಲರು ಹೊರಟು ನಿಂತಿದ್ದಾರೆ, ನಾಲ್ಕೇ ಸಾಲು ಬರೆಯುತ್ತೇನೆ.

ಬಾವುಟದ ಕಾಗದ ಬಂತು. ಹೊಲಿಗೆ ನೆಟ್ಟಗಿದೆ, ಗಂಟು ಬಲಕ್ಕೆ ತಿರುಗಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಡಾಕ್ಟರಮ್ಮನಿಗೂ ತೋರಿಸಿದೆ.

ನಿನ್ನ ಎಡಗೈಗೇನಾದರೂ ಆಗಿದೆಯಾ? ಬಲಗೈಯಲ್ಲಿ ಗಂಟು ಹಾಕಿದೆಯಾ? ಹಾಗಿದ್ದರೆ ಬೇಗ ತಿಳಿಸು. ಕೈನೋವಿಗೆ ಬೇಸರವಾದರೂ ಮನಸ್ಸಿಗೆ ಸಮಾಧಾನವಾಗುತ್ತದೆ.

ಪುಟ್ಟಿ


ಜುಲೈ ೪

ಪುಟ್ಟಿ,

ನೀನು ಕೇಳಿದ್ದಕ್ಕೆ ಉತ್ತರ: ನನ್ನ ಕೈ ಚೆನ್ನಾಗಿದೆ. ನೋಯುತ್ತಿರುವುದು ಬಲಗಾಲಿನ ಮಂಡಿ. ಮೆಷಿನ್ ತುಳಿದು ತುಳಿದು ಸವೆದಿರಬೇಕು, ಕೂತರೆ ಏಳುವಾಗ ಪ್ರಾಣ ಹೋಗುತ್ತದೆ. ಯಾರಿಗೂ ಹೇಳಿಲ್ಲ. ಹೇಳಿದರೆ ಮೂಲೆಮನೆ ಅಜ್ಜಿ ಎಣ್ಣೆ ಬಟ್ಟಲು ಹಿಡಿದು ಬಂದು ಕೂರುತ್ತಾರೆ, ಆಮೇಲೆ ಅಳಿಯನ ಪುರಾಣ ಮುಗಿಯುವುದಿಲ್ಲ.

ಉಳಿದದ್ದರ ಬಗ್ಗೆ ನಿನ್ನ ಧಾಟಿ ನನಗೆ ಹಿಡಿಸಲಿಲ್ಲ. ಎಷ್ಟು ವರ್ಷದ ಕಚೇರಿ ಅದು, ಒಂದೇ ದಿನದಲ್ಲಿ ಬದಲಾಗುತ್ತದೆಯೇ? ಹಳೇ ಗುಮಾಸ್ತರು ಹಳೇ ಚಾಳಿ ಬಿಟ್ಟಿರಲಿಕ್ಕಿಲ್ಲ. ನಿನ್ನ ಮಾವನಿಗೆ ಗೊತ್ತೇ ಇರಲಿಕ್ಕಿಲ್ಲ. ಅವನಿಗೆ ಹೇಳು, ಒಂದೇ ಏಟಿಗೆ ನಿಲ್ಲಿಸುತ್ತಾನೆ. ಕಾಗದ ಒಡೆದದ್ದರಿಂದ ಸೆರೆ ಕಂಡವನು ಅವನು. ನಮ್ಮವರನ್ನು ಅನುಮಾನಿಸಲಿ ಎಂದು ನಿನ್ನನ್ನು ಅಲ್ಲಿಗೆ ಕಳಿಸಿಲ್ಲ.

ಖಚಿತವಾಗಲಿ ಎಂದು ಇನ್ನೊಮ್ಮೆ ಹೊಲಿದಿದ್ದೇನೆ.

ಅಮ್ಮ


ಜುಲೈ ೨೨

ಅಮ್ಮ,

ವಕೀಲರ ಕೈಯಲ್ಲೇ ಕಳಿಸುತ್ತಿದ್ದೇನೆ. ಕೂತು ಓದು, ಮಂಡಿಯನ್ನು ಸ್ಟೂಲಿನ ಮೇಲೆ ಚಾಚಿಕೊಂಡು.

ಆ ಕಾಗದವನ್ನೂ ಒಡೆದಿದ್ದರು. ಮಾವನ ಕಚೇರಿಗೆ ಹೋದೆ. ಟೀ ತರಿಸಿದರು, ನಿನ್ನನ್ನು ವಿಚಾರಿಸಿದರು. ನಾನು ಕಾಗದದ ವಿಷಯ ತೆಗೆದ ಕೂಡಲೇ ಲೋಟ ಕೆಳಗಿಟ್ಟರು.

"ಗೊತ್ತು ಪುಟ್ಟಿ. ಆಜ್ಞೆಗೆ ಸಹಿ ಹಾಕಿದ್ದು ನಾನೇ."

ನಾನೂ ನನ್ನ ಲೋಟ ಕೆಳಗಿಟ್ಟೆ.

"ನಿಮ್ಮೂರಿನ ಬಂದರಿನಲ್ಲಿ ಬಂದೂಕು ಇಳೀತಿದೆ. ಯಾರಿಗೆ ಅಂತ ಗೊತ್ತಾಗಬೇಕಾದ್ರೆ ಆ ಊರಿನ ಅಂಚೆ ನೋಡಲೇಬೇಕು. ಅಕ್ಕನ ಕಾಗದ ಅಂತಲ್ಲ, ಎಲ್ಲರದ್ದೂ ನೋಡ್ತಾರೆ."

"ನ್ಯಾಯಾಧೀಶರನ್ನ ಕೇಳಿ ನೋಡಬಹುದಲ್ಲ ಮಾವ?"

"ಕೇಳ್ತಾ ಕೂತ್ರೆ ಅಷ್ಟರಲ್ಲಿ ಬಂದೂಕು ಎಲ್ಲಿಗೆ ಸೇರಬೇಕೋ ಸೇರಿರತ್ತೆ. ದೇಶ ಈಗತಾನೆ ಹುಟ್ಟಿದ ಕೂಸು. ಒಂದೆರಡು ವರ್ಷ ನಡೆಯೋದು ಕಲೀಲಿ, ಆಮೇಲೆ ನೀನು ಹೇಳಿದ ಹಾಗೇ ಮಾಡೋಣ."

"ಅವರೂ ಹೀಗೇ ಹೇಳ್ತಿದ್ರು."

"ಅವರು ಹೊರಗಿನವರು. ಇವರು ನಮ್ಮವರೇ ಅಲ್ವೇನಮ್ಮಾ?" ಎಂದರು. ಅವರ ಕಣ್ಣಲ್ಲಿ ಕಪಟವಿರಲಿಲ್ಲ. ಕರಡಿನಿಂದ ನಿನ್ನ ಸಾಲನ್ನು ತೆಗೆಸಿದ್ದಾರೆ. ಅದನ್ನೂ ಅವರ ಬಾಯಿಂದಲೇ ಕೇಳಿದೆ. ಆಮೇಲೆ ಬಿಸಿಲಿದೆ ಎಂದು ನನ್ನನ್ನು ತಮ್ಮ ಕಾರಿನಲ್ಲಿ ಕಳಿಸಿಕೊಟ್ಟರು.

ನಾನು ಕೋಣೆಗೆ ಹೋಗಲಿಲ್ಲ, ಕಾರನ್ನು ದೊಡ್ಡ ಅಂಚೆ ಕಚೇರಿಗೆ ತಿರುಗಿಸಲು ಹೇಳಿದೆ. ಸದಸ್ಯೆಯ ಚೀಟಿ ತೋರಿಸಿದ್ದಕ್ಕೋ ಮಂತ್ರಿಗಳ ಕಾರಿಗೋ, ಒಳಗೆ ಬಿಟ್ಟರು. ಟಪಾಲು ವಿಂಗಡಿಸುವ ಹಜಾರದ ಹಿಂದೆ ಒಂದು ಕೋಣೆ. ಒಲೆಯ ಮೇಲೆ ಕೆಟಲು, ಲಕೋಟೆಗೆ ಹಬೆ ಹಿಡಿಯುವುದಕ್ಕೆ. ಮೇಜಿನ ಮೇಲೆ ಗೋಂದಿನ ಬಾಟಲಿ, ಸೂಜಿ, ಬಣ್ಣಬಣ್ಣದ ದಾರದ ಉಂಡೆಗಳು. ಗೋಡೆಗೆ ನಮ್ಮ ಬಾವುಟ. ಕತ್ತರಿ ಸಾಹೇಬರು ಹಡಗು ಹತ್ತಿಲ್ಲ ಅಮ್ಮ. ಅವರು ಈ ಮಣ್ಣಿನವರೇ, ಮೆತ್ತಗಿನ ದನಿಯ ಮುದುಕರು. ನಾನು ಯಾರೆಂದು ತಿಳಿದ ಕೂಡಲೇ ಎದ್ದು ನಿಂತರು.

"ಓ, ನೀಲಿ ದಾರದ ಮನೆಯವರು! ನಿಮ್ಮ ತಾಯಿಯವರ ದೆಸೆಯಿಂದ ನಾನು ಹೊಲಿಗೆ ಕಲಿತೆ ನೋಡಿ. ಈಗ ಮನೇಲಿ ಮೊಮ್ಮಕ್ಕಳ ಬಟ್ಟೆಯೆಲ್ಲ ನಾನೇ ಹೊಲಿಯೋದು. ಅಂದ ಹಾಗೆ, ಆ ಮೂಲೆಮನೆ ಅಜ್ಜಿ ಅಳಿಯ ಸರಿಹೋದ್ನಾ?"

ಮೊದಲು ನಗು ಬಂತು, ಆಮೇಲೆ ಹೆದರಿಕೆಯಾಯಿತು. "ದೊರೆಗಳೇ ಹೋದ ಮೇಲೂ ಯಾಕೆ ಒಡೀತಿದೀರಿ?" ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ನಿಲ್ಲಿಸಿ ಅಂತ ಯಾರಾದ್ರೂ ಬರೆದು ಕೊಟ್ರೆ ನಿಲ್ಲಿಸ್ತೀನಮ್ಮ. ಇಷ್ಟು ವರ್ಷದಲ್ಲಿ ಹಾಗೆ ಯಾರೂ ಬರೆದು ಕೊಟ್ಟಿಲ್ಲ" ಎಂದರು.

ನಾನು ಬರೆದು ಕೊಡುತ್ತೇನೆ. ಸೆಪ್ಟೆಂಬರಿನಲ್ಲಿ ಪೂರ್ಣ ಸಭೆಯ ಮುಂದೆ ಆ ಸಾಲನ್ನು ತಿದ್ದುಪಡಿಯಾಗಿ ತರುತ್ತೇನೆ. ಪಕ್ಷದಿಂದ ಎಚ್ಚರಿಕೆ ಬಂದಿದೆ, ತಂದರೆ ಮುಂದಿನ ಚುನಾವಣೆಗೆ ನನ್ನನ್ನು ನಿಲ್ಲಿಸುವುದಿಲ್ಲವಂತೆ. ಡಾಕ್ಟರಮ್ಮ ಮತ್ತು ವಕೀಲರು ನನ್ನ ಕಡೆ ಇದ್ದಾರೆ, ಉಳಿದವರು ಮಾವನ ಮುಖ ನೋಡುತ್ತಾರೆ. ಅವರ ಮನಸ್ಸು ತಿರುಗಿಸಲು ನನ್ನ ಬಳಿ ಇರುವುದು ಆ ಕೋರ್ಟಿನ ಮಾತು ಒಂದೇ. ಅದು ನಿನ್ನದು. ನೀನು ಹೂಂ ಎಂದರೆ ಮಾತ್ರ ಹೇಳುತ್ತೇನೆ.

ಪುಟ್ಟಿ


ಜುಲೈ ೩೦

ಬೇಡ.

ಒಂದು ಸಲ ನಕ್ಕದ್ದು ಸಾಕು. ದೇಶದ ದೊಡ್ಡವರೆಲ್ಲ ಕೂಡಿ ಇನ್ನೊಮ್ಮೆ ನಗುವುದು ಬೇಡ. ನಿನ್ನ ಮಾವ ಒಂದೆರಡು ವರ್ಷ ಎಂದಿದ್ದಾನೆ, ಕಾಯಬಹುದು. ಇಷ್ಟು ಕಾದಿಲ್ಲವೇ?

ಅಮ್ಮ


ಆಗಸ್ಟ್ ೨೮

ಪುಟ್ಟಿ,

ನಿನ್ನ ಮಾವ ಬಂದಿದ್ದ. ಹಿಂದೆ ಮುಂದೆ ಪೊಲೀಸ್ ಜೀಪು, ರಸ್ತೆಯ ಮಕ್ಕಳೆಲ್ಲ ಅಂಗಡಿಯ ಬಾಗಿಲಲ್ಲಿ. ಸಂವಿಧಾನಕ್ಕೆ ಸಹಿ ಹಾಕುವ ದಿನ ಅಕ್ಕ ಹೊಲಿದ ಸೂಟೇ ಬೇಕಂತೆ, ಅಳತೆ ಕೊಡಲು ಬಂದಿದ್ದ. ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಅವನ ಮೂಗು ಒರೆಸಿ ಬೆಳೆಸಿದ ಕೈ ಇದು. ಹೊಟ್ಟೆ ಒಳಗೆಳೆದುಕೊಂಡು ನಿಂತ. "ಉಸಿರು ಬಿಡೋ, ಆಮೇಲೆ ಗುಂಡಿ ಹಾರಿ ಯಾರದ್ದಾದರೂ ಕಣ್ಣಿಗೆ ಬೀಳತ್ತೆ" ಎಂದು ಗದರಿದೆ. ಪೊಲೀಸರು ಬೇರೆ ಕಡೆ ನೋಡಿದರು.

ನಿನ್ನ ಮಾತೂ ಬಂತು. "ಪುಟ್ಟಿ ನನ್ನ ಜೊತೆ ಮಾತಾಡಿ ತಿಂಗಳಾಯ್ತು ಅಕ್ಕ. ಹಟ ಹಿಡಿದಿದ್ದಾ‌ಳೆ. ನೀನಾದ್ರೂ ಹೇಳು" ಎಂದ. ಹೇಳುತ್ತೇನೆ ಎಂದೆ. ನಿಜವಾಗಿ ಹೇಳಬೇಕೆಂದೇ ಇದ್ದೆ.

ಆಮೇಲೆ ಪ್ಯಾಂಟಿನ ಅಳತೆಗೆಂದು ನಾನು ಕೆಳಗೆ ಕೂರಲು ಹೋದೆ. ಅವನು ತಟ್ಟನೆ ನನ್ನ ತೋಳು ಹಿಡಿದ. "ಬಗ್ಗಬೇಡ ಅಕ್ಕ, ನಿನ್ನ ಮಂಡಿ ನೋಯತ್ತಲ್ಲ."

ಮಂಡಿಯ ವಿಷಯವನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಿಲ್ಲ. ನಿನಗೊಬ್ಬಳಿಗೆ ಬರೆದಿದ್ದೆ.

"ನಿಂಗ್ಯಾರೋ ಹೇಳಿದ್ದು?"

"ಪುಟ್ಟಿ ಹೇಳಿದ್ಲು" ಎಂದ. ಅವನ ಕಿವಿ ಕೆಂಪಾಯಿತು. ಚಿಕ್ಕಂದಿನಲ್ಲಿ ಸುಳ್ಳು ಹೇಳಿದಾಗಲೂ ಹೀಗೇ ಆಗುತ್ತಿತ್ತು. ನಾನು ಕೆಳಗೆ ಕೂತು ಅಳತೆ ಮುಗಿಸಿ, ಮೇಜು ಹಿಡಿದುಕೊಂಡು ನಾನೇ ಎದ್ದೆ.

ಅವನು ಪ್ರೀತಿಯಿಂದಲೇ ಹೇಳಿದ ಪುಟ್ಟಿ. ನನಗೆ ತಡೆಯಲಾಗದ್ದು ಅದೇ. ದೊರೆಗಳ ಕಡೆಯವನು ಓದಿದ್ದರೆ ಮನಸಾರೆ ಬೈಯಬಹುದಿತ್ತು. ನನ್ನ ಮೇಲೆ ಪ್ರೀತಿಯಿಟ್ಟುಕೊಂಡು ಓದುವವನನ್ನು ಏನೆಂದು ಬೈಯಲಿ? ಪ್ರೀತಿಯಿದ್ದವನೇ ಓದುವುದನ್ನು ಬಿಡಲಿಲ್ಲವೆಂದರೆ ಒಂದೆರಡು ವರ್ಷ ಕಳೆದ ಮೇಲೆ ಬಿಡುವವರು ಯಾರು? ಹೋದ ಸಲ ಬೇಡ ಎಂದು ಬರೆದದ್ದನ್ನು ಹರಿದು ಹಾಕು.

ಜೊತೆಗಿರುವ ಹಾಳೆ ಸಭೆಗೆ. ಎದ್ದು ನಿಂತು ಓದು, ಕೊನೆಯ ಬೆಂಚಿಗೂ ಕೇಳುವ ಹಾಗೆ. ವಕೀಲರು ನಾಳೆಯೇ ಹೊರಡುತ್ತಾರೆ, ಅವರ ಕೈಯಲ್ಲಿ ಕೊಡಬಹುದಿತ್ತು. ಬೇಕೆಂದೇ ಅಂಚೆಗೆ ಹಾಕುತ್ತಿದ್ದೇನೆ. ಮೊದಲು ನಿನ್ನ ಮಾವ ಓದಲಿ. ನಕಲು ಇಟ್ಟುಕೊಂಡಿಲ್ಲ. ತಡೆಹಿಡಿದರೆ ನಾನೇ ರೈಲು ಹತ್ತಿ ಬಂದು ಬಾಯಲ್ಲಿ ಹೇಳುತ್ತೇನೆ, ಮಂಡಿ ನೋವಿನ ಸಮೇತ.

ಅಮ್ಮ

(ಜೊತೆಗಿದ್ದ ಹಾಳೆ)

ಸಭೆಯ ಹಿರಿಯರಿಗೆ,

ನಾನು ದರ್ಜಿ. ಹಿಂದೊಮ್ಮೆ ನನ್ನ ಕಾಗದವನ್ನು ನನ್ನನ್ನು ಕೇಳದೆ ಕೋರ್ಟಿನಲ್ಲಿ ಓದಿದರು. ಇವತ್ತಿನದನ್ನು ನಾನೇ ಓದಿಸುತ್ತಿದ್ದೇನೆ.

ಅವತ್ತಿನ ಕಾಗದದಲ್ಲಿ, ಗಂಡನ ಗೊರಕೆ ಕೇಳದೆ ನನಗೆ ನಿದ್ದೆ ಬರುವುದಿಲ್ಲ ಎಂದು ಬರೆದಿದ್ದೆ. ನಗಬೇಕೆನಿಸಿದವರು ಈಗಲೇ ನಕ್ಕುಬಿಡಿ. ನನ್ನ ಮಗಳು ಕಾಯುತ್ತಾಳೆ.

ಆಮೇಲೂ ಅವರು ಬಹಳ ಕಾಲ ಸೆರೆಯಲ್ಲಿದ್ದರು. ನಾನು ವಾರ ತಪ್ಪದೆ ಬರೆದೆ. ಬಟ್ಟೆ ಅಂಗಡಿಯ ಸುದ್ದಿ ಬರೆದೆ, ಸೆಕೆ ಎಂದು ಬರೆದೆ, ಮಗಳು ಪಾಸಾದಳು ಎಂದು ಬರೆದೆ. ಕೋರ್ಟಿನಲ್ಲಿ ಓದಿದರೂ ಯಾರೂ ನಗದಂಥ ಮಾತನ್ನೇ ಆರಿಸಿ ಆರಿಸಿ ಬರೆದೆ. ಒಮ್ಮೆ ಅವರೇ ಕೇಳಿದರು, "ನನ್ನ ಮೇಲೆ ಕೋಪವೇನು? ನಿನ್ನ ಕಾಗದ ಅಂಗಡಿಯ ರಸೀದಿಯ ಹಾಗಿರುತ್ತದೆ" ಎಂದು. ಕೋಪವಿಲ್ಲ ಎಂದು ಬರೆದೆ. ಅದಕ್ಕಿಂತ ಮುಂದಕ್ಕೆ ಕೈ ಏಳಲಿಲ್ಲ. ನಡುವೆ ಇನ್ನೊಬ್ಬನು ಓದುತ್ತಾನಲ್ಲ. ಅವರು ಅಲ್ಲೇ ತೀರಿಕೊಂಡರು. ಬರೆಯಬೇಕಾಗಿದ್ದ ಮಾತು ನನ್ನ ಹೊಟ್ಟೆಯಲ್ಲೇ ಉಳಿಯಿತು. ಇದನ್ನು ನನ್ನ ಮಗಳಿಗೂ ಹೇಳಿರಲಿಲ್ಲ.

ನನ್ನ ಗಂಡನನ್ನು ಕಿತ್ತುಕೊಂಡವರನ್ನು ನೀವು ಓಡಿಸಿದಿರಿ, ನಿಮ್ಮ ಉಪಕಾರ ಸಾಯುವವರೆಗೆ ಮರೆಯುವುದಿಲ್ಲ. ಆದರೆ ಕಾಗದ ಒಡೆಯುವ ಮೇಜನ್ನು ಅಲ್ಲೇ ಬಿಟ್ಟಿರಿ. ಈಗ ಓದುವವರು ನಮ್ಮವರು, ಒಳ್ಳೆಯವರು ಎನ್ನುತ್ತೀರಿ. ಒಪ್ಪಿದೆ. ಓದುವವನು ಎಷ್ಟು ಒಳ್ಳೆಯವನಾದರೂ ಹೆಂಡತಿ ಗಂಡನಿಗೆ ಸೆಕೆಯ ಸುದ್ದಿಯನ್ನೇ ಬರೆಯುತ್ತಾಳೆ. ಕಳ್ಳನ ಕಾಗದ ನೋಡಲೇಬೇಕಿದ್ದರೆ ನ್ಯಾಯಾಧೀಶರ ಮುಂದೆ ಹೋಗಿ, ಕಾರಣ ಹೇಳಿ, ಅಪ್ಪಣೆ ತನ್ನಿ. ನಮ್ಮದನ್ನು ನಮಗೆ ಬಿಡಿ.

ನಾನು ಕೇಳುತ್ತಿರುವುದು ಒಂದು ಸಾಲು. ಅದನ್ನು ಕೊಡದೆ ನೀವು ಸಹಿ ಹಾಕಬಾರದು.

ಬಂದರು ರಸ್ತೆಯ ದರ್ಜಿ


ಸೆಪ್ಟೆಂಬರ್ ೧೫

ಅಮ್ಮ,

ಈ ಸಲ ವಕೀಲರನ್ನು ಕಾಯದೆ ಅಂಚೆಗೇ ಹಾಕುತ್ತಿದ್ದೇನೆ. ಯಾಕೆಂದು ಮುಂದೆ ಓದು.

ನಿನ್ನ ಕಾಗದ ಬಂದಾಗ ಮೊದಲು ಗಂಟು ನೋಡಿದೆ. ಬಲಕ್ಕೆ ತಿರುಗಿತ್ತು. ಅಂದರೆ ಮಾವ ಓದಿದ್ದಾರೆ. ಓದಿ, ತಡೆಹಿಡಿಯದೆ, ಹೊಲಿಸಿ ಕಳಿಸಿದ್ದಾರೆ. ಆಮೇಲೆ ಹಾಳೆ ಓದಿದೆ. ಅಪ್ಪನ ವಿಷಯ ಓದಿ ಅತ್ತುಬಿಟ್ಟೆ, ಡಾಕ್ಟರಮ್ಮ ನೀರು ಕೊಟ್ಟರು. ಇಷ್ಟು ವರ್ಷ ಒಬ್ಬಳೇ ಹೊತ್ತೆಯಲ್ಲ ಅಮ್ಮ.

ಸಭೆಯಲ್ಲಿ ಅಳಲಿಲ್ಲ. "ನಕ್ಕುಬಿಡಿ" ಎಂಬಲ್ಲಿ ನಿಲ್ಲಿಸಿ ಕಾದೆ. ಹಿಂದಿನ ಸಾಲಿನಲ್ಲಿ ಒಬ್ಬರು ನಗಲು ಹೋಗಿ ಕೆಮ್ಮಿದರು. ಬೇರೆ ಯಾರೂ ಅಲುಗಾಡಲಿಲ್ಲ. ಲಕೋಟೆ ಮಾತು ಯಾಕಮ್ಮಾ ಎಂದು ಕೇಳಿದ್ದ ಹಿರಿಯರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

ನಾನು ಕೂತ ಮೇಲೆ ಮಾವ ಎದ್ದರು. ಇವರು ಮಾತಾಡಿದರೆ ಕತೆ ಮುಗಿಯಿತು ಎಂದುಕೊಂಡೆ. "ಸರ್ಕಾರ ಏನು ಹೇಳಬೇಕೋ ಮೊದಲೇ ಹೇಳಿದೆ. ಅದನ್ನ ನಾನೊಬ್ಬನೇ ಬದಲಾಯಿಸೋ ಹಾಗಿಲ್ಲ. ಆದರೆ ಕೋರ್ಟಿನಲ್ಲಿ ಓದಿದ ಆ ಕಾಗದದಲ್ಲಿ 'ತಮ್ಮ ಬಂದು ಹೋದ' ಅಂತಲೂ ಇತ್ತು, ಆ ತಮ್ಮ ನಾನು. ಸದಸ್ಯರು ನನ್ನ ಮುಖ ನೋಡದೆ ಕೈಯೆತ್ತಲಿ" ಎಂದು ಹೇಳಿ ಕೂತುಬಿಟ್ಟರು. ಬೇಕು ಎನ್ನುವವರು ಕೈಯೆತ್ತಿದರು. ಬೇಡ ಎನ್ನುವವರು ಕೈಯೆತ್ತಿದರು. ಎರಡು ಸಲವೂ ಮಾವನ ಕೈಗಳು ಮೇಜಿನ ಮೇಲೇ ಇದ್ದವು. ಅಧ್ಯಕ್ಷರು ಎರಡೆರಡು ಸಲ ಎಣಿಸಿದರು. ನಿನ್ನ ಸಾಲು ಗೆದ್ದಿತು ಅಮ್ಮ. ಸ್ವಲ್ಪದರಲ್ಲಿ ಗೆದ್ದಿತು, ಆದರೆ ಗೆದ್ದಿತು.

ಮುಂದಿನ ಚುನಾವಣೆಗೆ ನನ್ನ ಹೆಸರಿಲ್ಲ ಎಂದು ಪಕ್ಷದವರು ಅವತ್ತೇ ತಿಳಿಸಿದರು. ಇರಲಿ. ಸಹಿ ಹಾಕಿ ಬಂದು ಶಾಲೆಗೆ ಸೇರುತ್ತೇನೆ, ಈ ಪುಸ್ತಕವನ್ನು ಮಕ್ಕಳಿಗೆ ಓದಿ ಹೇಳುವವರೂ ಬೇಕಲ್ಲ.

ಹೊರಗೆ ಮೆಟ್ಟಿಲ ಮೇಲೆ ಮಾವ ಸಿಕ್ಕರು. ಅಂಚೆ ಕಚೇರಿಗೆ ಆಜ್ಞೆ ನಿಲ್ಲಿಸುವಂತೆ ಬರೆದು ಕಳಿಸಿದೆ ಎಂದರು. ಸ್ವಲ್ಪ ದೂರ ಹೋದವರು ತಿರುಗಿ ಬಂದು, "ಅಕ್ಕನಿಗೆ ಹೇಳು, ಮಂಡಿಗೆ ಬಿಸಿನೀರಿನ ಶಾಖ ಕೊಡ್ಲಿ. ಓದಿ ತಿಳಿದದ್ದು, ಆದರೂ ಹೇಳು" ಎಂದರು.

ಹೇಳಿದ್ದೇನೆ.

ನಿನ್ನ ಮಗಳಾಗಿ ಹುಟ್ಟಿದ್ದಕ್ಕೆ ಬೀಗುತ್ತಿರುವ,
ಪುಟ್ಟಿ


ಅಕ್ಟೋಬರ್ ೬

ಪುಟ್ಟಿ,

ಮೊದಲು ಊರ ಸುದ್ದಿ. ವಕೀಲರು ಬಂದು ರಸ್ತೆಯಲ್ಲಿ ಎಲ್ಲರಿಗೂ ಹೇಳಿದ್ದಾರೆ. ಚಪ್ಪಲಿ ರಿಪೇರಿಯವನು ತನ್ನ ಬೂಟಿನ ಸಾಲು ಏನಾಯಿತು ಎಂದು ಕೇಳುತ್ತಿದ್ದಾನೆ, ಬಂದ ಮೇಲೆ ನೀನೇ ಉತ್ತರ ಕೊಡು. ಕತ್ತರಿ ಸಾಹೇಬರಿಗೆ ಒಂದು ಪೋಸ್ಟ್‌ಕಾರ್ಡು ಹಾಕಿದೆ, ಅಜ್ಜಿಯ ಅಳಿಯ ಸರಿಹೋಗಿಲ್ಲ ಎಂದು. ಪಾಪ, ಇನ್ನು ಅವರಿಗೆ ತಿಳಿಯುವುದು ಹೇಗೆ?

ನಿನ್ನ ಮಾವನ ಕೋಟು ಮುಗಿಯಿತು. ಎರಡು ಸಲ ಅರ್ಧಕ್ಕೆ ಬಿಟ್ಟಿದ್ದೆ, ಸಿಟ್ಟು ಇಳಿಯುವವರೆಗೆ ಕತ್ತರಿ ಮುಟ್ಟಲಿಲ್ಲ. ನೀನು ಬರೆದದ್ದು ಓದಿ ಮತ್ತೆ ಕೂತೆ. ಗುಂಡಿಗಳನ್ನೆಲ್ಲ ನೀಲಿ ದಾರದಲ್ಲಿ ಹೊಲಿದು, ಒಳಗಡೆ ಎಡಗೈ ಗಂಟು ಹಾಕಿದ್ದೇನೆ. ಸಹಿ ಹಾಕಲು ಬಗ್ಗಿದಾಗ ಅವನ ಎದೆಗೆ ತಾಗುತ್ತದೆ. ತಾಗಲಿ.

ಈ ಕಾಗದಕ್ಕೂ ರೂಢಿಯಂತೆ ಸೂಜಿಗೆ ದಾರ ಪೋಣಿಸಿದ್ದೆ. ಆಮೇಲೆ ಸೂಜಿಯನ್ನು ಮೆತ್ತೆಗೆ ಚುಚ್ಚಿಟ್ಟೆ. ಇದನ್ನು ಹೊಲಿದಿಲ್ಲ, ಬರೀ ಗೋಂದು. ಯಾರಾದರೂ ಒಡೆದರೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತೇನೆ, ನನ್ನ ಹತ್ತಿರ ಸಾಲಿದೆ.

ನಿನ್ನಪ್ಪನಿಗೆ ಬರೆಯದೆ ಉಳಿಸಿಕೊಂಡ ತಪ್ಪು ನಿನ್ನ ವಿಷಯದಲ್ಲಿ ಆಗಬಾರದು, ಅದಕ್ಕೆ ಬರೆಯುತ್ತಿದ್ದೇನೆ. ನೀನು ಹೋದಾಗಿನಿಂದ ಮನೆ ಬಿಕೋ ಎನ್ನುತ್ತದೆ. ನಿನ್ನ ಗೊರಕೆ ಕೇಳದೆ ನನಗೆ ನಿದ್ದೆ ಬರುವುದಿಲ್ಲ. ಸಹಿ ಹಾಕಿ ಬೇಗ ಬಾ.

ನಿನ್ನ
ಅಮ್ಮ